ಚೌಕ, ಬಾರ ಮತ್ತು ಒಂದು ಡಬ್ಬಿ ಚಾಕಲೇಟ್: ಆಟ ತಯಾರಕರೊಬ್ಬರ ವಿಚಾರಗಳನ್ನು ಗಣಿತ ಪಾಠಕ್ಕೆ ಅಳವಡಿಸಿದ ಅನುಭವ

ಹಿನ್ನೆಲೆ

ಶಾಲಾ ಇಂಟರ್ನ್‌ಶಿಪ್‌ಗಾಗಿ ನನ್ನನ್ನು ಹುನ್ನೂರಿನ ಒಂದು ಪ್ರೌಢಶಾಲೆಗೆ ನಿಯೋಜಿಸಲಾಗಿತ್ತು. ಹತ್ತನೆಯ ತರಗತಿಗೆ ‘ಸಂಭವನೀಯತೆ’ ಘಟಕವನ್ನು ಬೋಧಿಸುವುದು ನನ್ನ ಪಾಲಿಗೆ ಬಂತು. ಮೊದಲ ದಿನ ಪಾಠಯೋಜನೆಯ ಜೊತೆಗೆ ಒಂದು ಡಬ್ಬಿ ಚಾಕಲೇಟನ್ನೂ ಒಯ್ದಿದ್ದೆ. ಪುನರ್ಬಲನ ಕೌಶಲವನ್ನು ಸೂಕ್ಷ್ಮ ಬೋಧನೆಯಲ್ಲಿ ಅಭ್ಯಾಸ ಮಾಡಿದ್ದೆ, ಅದನ್ನೇ ಇಲ್ಲಿ ದೊಡ್ಡದಾಗಿ ಮಾಡಿ ತೋರಿಸುವ ಹುಮ್ಮಸ್ಸು ನನಗಿತ್ತು.

ನಾಣ್ಯ ಚಿಮ್ಮಿಸಿದೆ, ದಾಳ ಉರುಳಿಸಿದೆ, ಸೂತ್ರ ಬರೆದೆ. ಸರಿಯುತ್ತರಕ್ಕೊಂದು ಚಾಕಲೇಟ್. ತರಗತಿ ತುಂಬ ಕೈಗಳೇ ಕೈಗಳು. ಸಂಜೆ ಸಹಪಾಠಿ ವೀಕ್ಷಕರು ‘ವಿದ್ಯಾರ್ಥಿಗಳ ಭಾಗವಹಿಸುವಿಕೆ ಉತ್ತಮ’ ಎಂದು ಬರೆದುಕೊಟ್ಟರು. ಮರುದಿನ ಕಿರುಪರೀಕ್ಷೆಯಲ್ಲಿ ಒಂದೇ ಪ್ರಶ್ನೆ ಕೇಳಿದೆ: ಎರಡು ನಾಣ್ಯಗಳನ್ನು ಒಟ್ಟಿಗೆ ಚಿಮ್ಮಿಸಿದರೆ ಒಂದು ಶಿರ, ಒಂದು ಪುಚ್ಛ ಬೀಳುವ ಸಂಭವನೀಯತೆ ಎಷ್ಟು? ಹೆಚ್ಚಿನವರು 1/3 ಎಂದು ಬರೆದಿದ್ದರು. ಎರಡೂ ಶಿರ, ಎರಡೂ ಪುಚ್ಛ, ಒಂದೊಂದು. ಹೀಗೆ ಮೂರು ಬಗೆ, ಆದ್ದರಿಂದ ಮೂರರಲ್ಲಿ ಒಂದು. ಸೂತ್ರ ಎಲ್ಲರಿಗೂ ಬಾಯಿಪಾಠವಾಗಿತ್ತು. ಯಾವುದನ್ನು ಎಣಿಸಬೇಕು ಎಂಬುದು ಮಾತ್ರ ತಿಳಿದಿರಲಿಲ್ಲ. ಉತ್ತರ ಪತ್ರಿಕೆ ಹಂಚುವಾಗ ಮುಂದಿನ ಬೆಂಚಿನ ಹುಡುಗ ಕೇಳಿದ: “ಸರ, ಇವತ್ತ ಚಾಕಲೇಟ್ ಇಲ್ಲೇನ್ರಿ?”

ಆ ಪ್ರಶ್ನೆ ನನ್ನನ್ನು ಚುಚ್ಚಿತು. ನಾನು ಕಲಿಸಿದ್ದು ಗಣಿತವನ್ನೋ, ಚಾಕಲೇಟು ಗಳಿಸುವುದನ್ನೋ? ಪಾಠವನ್ನು ಮತ್ತೆ ಕಟ್ಟಲು ಕುಳಿತಾಗ ನೆನಪಿಗೆ ಬಂದದ್ದು ಶಿಕ್ಷಣಶಾಸ್ತ್ರದ ಪುಸ್ತಕವಲ್ಲ. ಬಿ.ಎಸ್ಸಿ.ಯಲ್ಲಿ ಗಣಕವಿಜ್ಞಾನ ಓದುವಾಗ ಆಸಕ್ತಿಯಿಂದ ಕೇಳಿದ್ದ, ಸ್ವತಂತ್ರ ಆಟ ತಯಾರಕರೊಬ್ಬರ ಮಾತುಗಳು.

ಸ್ವತಂತ್ರ ಆಟ ತಯಾರಕ ಎಂದರೆ ಯಾರು?

ನಮ್ಮ ರಾಜ್ಯಕ್ಕೆ ವಿಡಿಯೋ ಗೇಮ್ ಉದ್ಯಮ ಹೊಸದಲ್ಲ. ರಾಜೇಶ್ ರಾವ್ ಅವರು 1997ರಲ್ಲಿ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಆರಂಭಿಸಿದರು. ವಿದೇಶಿ ಕಂಪನಿಗಳ ಆಟಗಳಿಗೆ ಬೇಕಾದ ಚಿತ್ರ, ಆಕೃತಿಗಳನ್ನು ಬಹುಕಾಲ ತಯಾರಿಸಿಕೊಟ್ಟ ಆ ಸಂಸ್ಥೆಯನ್ನು 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಕೊಂಡುಕೊಂಡಿತು. ಇದು ಬೇರೆಯವರ ಆಟಕ್ಕೆ ಕೈಜೋಡಿಸುವ ಬಗೆ. ಸ್ವತಂತ್ರ ತಯಾರಕರದು ಇನ್ನೊಂದು ಬಗೆ. ಸಣ್ಣ ತಂಡ, ಸ್ವಂತ ಹಣ, ಸ್ವಂತ ವಿಚಾರ. ಹೆಚ್ಚಿನ ನಿರ್ಧಾರಗಳು ಒಬ್ಬರು ಅಥವಾ ಕೆಲವರ ಕೈಯಲ್ಲೇ ಇರುತ್ತವೆ.

ಅಂಥವರಲ್ಲಿ ಅಮೆರಿಕದ ಜೊನಾಥನ್ ಬ್ಲೋ ಹೆಸರುವಾಸಿ. ಅವರ ‘ಬ್ರೇಡ್’ 2008ರಲ್ಲಿ ಬಂತು. ಅದರಲ್ಲಿ ತಪ್ಪು ಹೆಜ್ಜೆ ಇಟ್ಟರೆ ಕಾಲವನ್ನೇ ಹಿಂದಕ್ಕೆ ತಿರುಗಿಸಿ ಮತ್ತೆ ಪ್ರಯತ್ನಿಸಬಹುದು. ಅದರ ಗಳಿಕೆಯ ಬಲದಿಂದ ವರ್ಷಗಟ್ಟಲೆ ದುಡಿದು 2016ರಲ್ಲಿ ‘ದಿ ವಿಟ್ನೆಸ್’ ಎಂಬ ಒಗಟಿನ ಆಟವನ್ನು ಹೊರತಂದರು. ಆಟದ ಬಗ್ಗೆ, ಪ್ರೋಗ್ರಾಮಿಂಗ್ ಬಗ್ಗೆ, ತಂತ್ರಜ್ಞಾನದ ಬಗ್ಗೆ ಅವರ ಮಾತುಗಳು ನೇರ, ಕೆಲವೊಮ್ಮೆ ಖಾರ. ಎಲ್ಲವನ್ನೂ ಒಪ್ಪಬೇಕೆಂದಿಲ್ಲ. ಅವರ ಮೂರು ವಿಚಾರಗಳನ್ನು ನನ್ನ ತರಗತಿಗೆ ಒಯ್ದು ಪರೀಕ್ಷಿಸಿದೆ. ಸಲಕರಣೆ ಕಂಪ್ಯೂಟರ್ ಅಲ್ಲ, ಚೌಕಾಬಾರ. ಆಟ ಕಟ್ಟುವ ಹವ್ಯಾಸ ನಮ್ಮ ನಾಡಿನಲ್ಲಿ ಹಳೆಯದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಸ್ವತಃ ಹೊಸ ಮಣೆಯಾಟಗಳನ್ನು ರಚಿಸಿದವರು, ಚದುರಂಗದ ಕುದುರೆ ನಡೆಯ ಸಮಸ್ಯೆಗಳಲ್ಲಿ ಪಳಗಿದವರು.

ಮೊದಲನೆಯ ವಿಚಾರ: ನಿಯಮವೇ ಶಿಕ್ಷಕ

‘ದಿ ವಿಟ್ನೆಸ್’ ಆಟದಲ್ಲಿ ಒಗಟುಗಳ ನಿಯಮವನ್ನು ಮಾತಿನಲ್ಲಿ ಹೇಳುವುದೇ ಇಲ್ಲ. ಮೊದಲ ಫಲಕದಲ್ಲಿ ನೇರ ಗೆರೆ ಎಳೆದರೆ ಸಾಕು. ಆಮೇಲೆ ಒಂದು ತಿರುವು. ಮುಂದೆ ಕಪ್ಪು ಮತ್ತು ಬಿಳಿ ಚೌಕಗಳು ಬರುತ್ತವೆ. ಗೆರೆಯಿಂದ ಅವನ್ನು ಬೇರ್ಪಡಿಸಬೇಕು ಎಂಬುದನ್ನು ಆಡುವವರೇ ತಪ್ಪುತ್ತ, ತಿದ್ದಿಕೊಳ್ಳುತ್ತ ಕಂಡುಕೊಳ್ಳಬೇಕು. ಆಟ ತನ್ನ ಮಾತನ್ನು ನಿಯಮಗಳ ಮೂಲಕವೇ ಆಡಬೇಕು ಎಂಬುದು ಬ್ಲೋ ಅವರ ನಿಲುವು. ರಚನಾವಾದವನ್ನು ಓದಿದ ನಮಗೆ ಇದು ಪರಿಚಿತ ವಿಚಾರವೇ. ಆದರೆ ಅದನ್ನು ಹಂತ ಹಂತವಾಗಿ ಹೆಣೆದಿಡುವ ಕಸುಬನ್ನು ಆಟ ತಯಾರಕರಿಂದ ಕಲಿಯಬಹುದು.

ಎರಡನೆಯ ಪಾಠಕ್ಕೆ ಮಕ್ಕಳಿಗೆ ಹುಣಸೆಬೀಜ ತರಲು ಹೇಳಿದೆ. ಒಡೆದ ಬೀಜದ ಒಂದು ಮಗ್ಗುಲು ಕಪ್ಪು, ಇನ್ನೊಂದು ಬಿಳಿ. ಐದೈದು ಜನರ ಎಂಟು ಗುಂಪು, ಪ್ರತಿ ಗುಂಪಿಗೆ ನಾಲ್ಕು ಹೋಳು. ಎಷ್ಟು ಬಿಳಿ ಮೇಲಾದವೋ ಅಷ್ಟು ಗರ. ನಾಲ್ಕೂ ಬಿಳಿಯಾದರೆ ಚೌಕ, ನಾಲ್ಕೂ ಕಪ್ಪಾದರೆ ಎಂಟು, ಅಂದರೆ ಬಾರ. ಆಡುವ ಮೊದಲು ಪ್ರತಿ ಗರದ ಸಂಭವನೀಯತೆ ಎಷ್ಟೆಂದು ಊಹಿಸಲು ಹೇಳಿದೆ. ನಿರೀಕ್ಷಿಸಿದಂತೆ ಉತ್ತರ ಬಂತು: ಒಂದು, ಎರಡು, ಮೂರು, ಚೌಕ, ಬಾರ, ಐದು ಗರ, ಒಂದೊಂದಕ್ಕೂ 1/5. ನಾನು ‘ತಪ್ಪು’ ಎನ್ನಲಿಲ್ಲ, ಹಲಗೆಯ ಮೂಲೆಯಲ್ಲಿ ಅದನ್ನು ಬರೆದಿಟ್ಟೆ.

ಪ್ರತಿ ಗುಂಪು 20 ಸಲ ಎಸೆದು ತಾಳೆಗೆರೆ ಹಾಕಿತು. ಹಲಗೆಯ ಮೇಲೆ ಎಲ್ಲರ ಲೆಕ್ಕ ಕೂಡುತ್ತ ಹೋದಂತೆ ‘ಎರಡು’ ಎಂಬ ಕಂಬ ಉಳಿದವನ್ನು ಮೀರಿ ಬೆಳೆಯಿತು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ಕೇಳಿದಳು: “ಸರ, ಎರಡs ಯಾಕ ಇಷ್ಟ ಬೀಳಾಕತ್ತೈತ್ರಿ?” ಒಂದು ಡಬ್ಬಿ ಚಾಕಲೇಟು ಹಂಚಿದಾಗ ಹುಟ್ಟದ ಪ್ರಶ್ನೆ ಅದು.

ಉತ್ತರ ಕೊಡದೆ, ನಾಲ್ಕು ಬೀಜಗಳಿಗೂ ಬೇರೆ ಬೇರೆ ಗುರುತು ಹಾಕಿ ನೋಡಿ ಎಂದಷ್ಟೇ ಹೇಳಿದೆ. ಅ, ಆ, ಇ, ಈ ಎಂದು ಹೆಸರಿಟ್ಟರು. ಚೌಕ ಬೀಳಲು ಒಂದೇ ದಾರಿ, ಬಾರಕ್ಕೂ ಒಂದೇ. ಒಂದು ಬೀಳಲು ನಾಲ್ಕು ದಾರಿ, ಮೂರು ಬೀಳಲೂ ನಾಲ್ಕು. ಎರಡಕ್ಕೆ ಮಾತ್ರ ಆರು: ಅಆ, ಅಇ, ಅಈ, ಆಇ, ಆಈ, ಇಈ. ಒಟ್ಟು 16. ಫಲಿತಗಣದಲ್ಲಿ ಇರಬೇಕಾದದ್ದು ಈ 16, ಐದು ಗರಗಳಲ್ಲ ಎಂಬುದು ಅವರಿಗೇ ಹೊಳೆಯಿತು. ಲೆಕ್ಕದ ಪ್ರಕಾರ 160 ಎಸೆತಗಳಲ್ಲಿ ಎರಡು 60 ಸಲ, ಒಂದು ಮತ್ತು ಮೂರು ತಲಾ 40 ಸಲ, ಚೌಕ ಮತ್ತು ಬಾರ ತಲಾ 10 ಸಲ ನಿರೀಕ್ಷಿತ. ಒಂದು ಗುಂಪಿನ ಬೀಜಗಳು ಬಿಳಿ ಮೇಲಾಗಿಯೇ ಹೆಚ್ಚು ಬೀಳುತ್ತಿದ್ದವು. ‘ಸಮಸಂಭವನೀಯ’ ಎಂಬ ಪದವನ್ನು ವಿವರಿಸಲು ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಗುತ್ತಿರಲಿಲ್ಲ. ಮೊದಲೇ ಮುಗಿಸಿದವರಿಗೆ ಇನ್ನೊಂದು ಲೆಕ್ಕ: 16 ಫಲಿತಗಳ ಒಟ್ಟು ನಡೆ 40, ಸರಾಸರಿ 2.5. ಐದು ಮನೆ ಉದ್ದ, ಐದು ಮನೆ ಅಗಲದ ಪಟದಲ್ಲಿ ಕಾಯಿ ಹಣ್ಣಾಗಲು 24 ಮನೆ ನಡೆಯಬೇಕು. ಹಾಗಾದರೆ ಸುಮಾರು ಎಷ್ಟು ಗರ ಬೇಕು?

ಇಷ್ಟೆಲ್ಲ ಆದ ಮೇಲೆ ನಾಣ್ಯದ ಹಳೆಯ ಪ್ರಶ್ನೆಯನ್ನು ಮತ್ತೆ ಕೇಳಿದೆ. ಎರಡು ನಾಣ್ಯಗಳಿಗೂ ಗುರುತು ಹಾಕಬೇಕೆಂದು ಅವರೇ ಹೇಳಿದರು.

ಎರಡನೆಯ ವಿಚಾರ: ಬಹುಮಾನದ ಬಲೆ

ಬ್ಲೋ 2007ರಲ್ಲಿ ಮಾಂಟ್ರಿಯಲ್‌ನಲ್ಲಿ ಮಾಡಿದ ಭಾಷಣವೊಂದು ಚರ್ಚೆಗೆ ಕಾರಣವಾಯಿತು. ಆಟದ ಹುರುಳು ಟೊಳ್ಳಾಗಿದ್ದು, ನಿಗದಿತವಾಗಿ ಹಂಚುವ ಬಹುಮಾನಗಳಿಂದಲೇ ಜನರನ್ನು ಹಿಡಿದಿಡುವ ವಿನ್ಯಾಸ ಅನೈತಿಕ ಎಂಬುದು ಅವರ ವಾದ. ನಾವು ಬಿ.ಇಡಿ.ಯಲ್ಲಿ ಓದುವ ಸ್ಕಿನ್ನರ್ ಅವರ ಪ್ರಯೋಗಗಳೇ ಇದರ ಹಿಂದಿವೆ. ಗುಂಡಿ ಒತ್ತಿದರೆ ಕಾಳು, ಅದೂ ಯಾವಾಗ ಸಿಗುತ್ತದೆಂದು ಹೇಳಲಾಗದ ಕಾಳು. ಅಂಥ ಬದಲಾಗುವ ಅನುಪಾತದ ಪುನರ್ಬಲನಕ್ಕೆ ಒಗ್ಗಿದ ನಡವಳಿಕೆ ಬೇಗ ಬಿಡುವುದಿಲ್ಲ. ಮೊಬೈಲಿನ ಅನೇಕ ಆಟಗಳ ದಿನನಿತ್ಯದ ಉಡುಗೊರೆ, ಅದೃಷ್ಟದ ಪೆಟ್ಟಿಗೆ ಇವೆಲ್ಲ ಇದೇ ತತ್ತ್ವದ ಮೇಲೆ ನಿಂತಿವೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ಆದರೆ ಕಾಯ್ದೆ ತಡೆಯುವುದು ಹಣದ ನಷ್ಟವನ್ನು. ಹೊತ್ತಿನ ನಷ್ಟವನ್ನು ಗುರುತಿಸುವ ಕಣ್ಣನ್ನು ನಾವೇ ಬೆಳೆಸಬೇಕು.

ನನ್ನ ಚಾಕಲೇಟ್ ಡಬ್ಬಿಯೂ ಆ ಪೆಟ್ಟಿಗೆಯ ತಮ್ಮನೇ ಎಂದು ಒಪ್ಪಿಕೊಳ್ಳಲು ನನಗೆ ಸಂಕೋಚವಾಯಿತು. ಪುನರ್ಬಲನ ಕೌಶಲ ಬೇಡ ಎಂದು ನಾನು ಹೇಳುತ್ತಿಲ್ಲ. ಅಂಜುವ ಮಗುವಿಗೆ ಒಂದು ಮೆಚ್ಚುಗೆಯ ಮಾತು ಬೇಕೇ ಬೇಕು. ಆದರೆ ಬಹುಮಾನವು ಯೋಚನೆಗೆ ಸಿಗುತ್ತಿದೆಯೋ, ಬೇಗ ಕೂಗಿದ್ದಕ್ಕೆ ಸಿಗುತ್ತಿದೆಯೋ ನೋಡಬೇಕು. ಮೊದಲ ದಿನ ಕೂಗಿದವರು ಗೆದ್ದರು. ಎರಡನೆಯ ಪಾಠದಲ್ಲಿ ‘ಎರಡು ಯಾಕೆ ಹೆಚ್ಚು’ ಎಂದು ತಿಳಿದದ್ದೇ ಬಹುಮಾನವಾಯಿತು. ಅಂದು ಚಾಕಲೇಟನ್ನು ಯಾರೂ ಕೇಳಲಿಲ್ಲ.

ಮೂರನೆಯ ವಿಚಾರ: ದಾಟಿಸದ ವಿದ್ಯೆ ಉಳಿಯದು

2019ರಲ್ಲಿ ಮಾಸ್ಕೋದಲ್ಲಿ ಮಾತನಾಡಿದ ಬ್ಲೋ ಒಂದು ಎಚ್ಚರಿಕೆ ಕೊಟ್ಟರು. ತಂತ್ರಜ್ಞಾನ ತಾನಾಗಿ ಮುಂದೆ ಸಾಗುತ್ತದೆ ಎಂಬುದು ಭ್ರಮೆ. ಒಂದು ತಲೆಮಾರು ಇನ್ನೊಂದಕ್ಕೆ ಕಷ್ಟಪಟ್ಟು ದಾಟಿಸದಿದ್ದರೆ ಅದು ಅಳಿಯುತ್ತದೆ. ಇಂದಿನ ಸಾಫ್ಟ್‌ವೇರ್ ಪದರದ ಮೇಲೆ ಪದರವಾಗಿ ಕಟ್ಟಿದ್ದು, ತಳದ ಪದರ ಬಲ್ಲವರು ಕಡಿಮೆಯಾಗುತ್ತಿದ್ದಾರೆ ಎಂಬುದು ಅವರ ಆತಂಕ. ತಾವೇ ಒಂದು ಹೊಸ ಪ್ರೋಗ್ರಾಮಿಂಗ್ ಭಾಷೆಯನ್ನು ಕಟ್ಟಲು ಹೊರಟದ್ದರ ಹಿಂದೆಯೂ ಇಂದಿನ ಸಾಧನಗಳ ಬಗೆಗಿನ ಅತೃಪ್ತಿಯಿದೆ.

ಇದನ್ನು ಪರೀಕ್ಷಿಸಲು ಒಂದು ಚಟುವಟಿಕೆ ಮಾಡಿದೆ. ಪ್ರತಿ ಗುಂಪು ಚೌಕಾಬಾರದ ನಿಯಮಗಳನ್ನು ಕ್ರಮವಾಗಿ ಬರೆಯಬೇಕು. ಪಕ್ಕದ ಗುಂಪು ಅದನ್ನು ಓದಿ, ಬರೆದಷ್ಟನ್ನೇ ಪಾಲಿಸಿ ಆಡಬೇಕು, ತಮಗೆ ಗೊತ್ತಿದ್ದನ್ನು ಸೇರಿಸುವಂತಿಲ್ಲ. ಕಂಪ್ಯೂಟರ್ ಮಾಡುವುದೂ ಅಷ್ಟೇ. ಎರಡೇ ನಿಮಿಷದಲ್ಲಿ ಜಗಳ ಶುರುವಾಯಿತು. ‘ಕಾಯಿ ಕಡಿದರೆ ಮನೆಗೆ ಹೋಗಬೇಕು’ ಎಂದು ಬರೆದಿದ್ದರು. ಯಾರ ಕಾಯಿ? ಯಾವ ಮನೆ? ಚೌಕ ಬಿದ್ದರೆ ಇನ್ನೊಂದು ಎಸೆತ ಸರಿ, ಮೂರು ಸಲ ಸಾಲಾಗಿ ಬಿದ್ದರೆ? ಒಂದೊಂದು ಮನೆಯಲ್ಲಿ ಒಂದೊಂದು ಪದ್ಧತಿ. ‘ಹೀಗಾದರೆ ಹಾಗೆ, ಇಲ್ಲದಿದ್ದರೆ ಹೀಗೆ’ ಎಂದು ಬಿಡಿಸಿ ಬರೆಯುವುದನ್ನು ಅವರು ಜಗಳವಾಡುತ್ತಲೇ ಕಲಿತರು. ಪ್ರೋಗ್ರಾಮ್ ಎಂದರೆ ಇದೇ ಎಂದು ಕೊನೆಯಲ್ಲಿ ಹೇಳಿದೆ.

ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗಬಹುದೇ ಎಂಬ ಪ್ರಶ್ನೆಗೆ ತರಗತಿಯಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. “ಮೊಬೈಲನ್ಯಾಗ ಅದs ಬಿಡ್ತೈತ್ರಿ” ಎಂದ ಒಬ್ಬ. ಮರುದಿನ ಒಬ್ಬ ಹುಡುಗಿ ಮನೆಯಲ್ಲಿ ಕೇಳಿಕೊಂಡು ಬಂದಿದ್ದಳು: “ನಮ್ಮ ಆಯಿ ಹೇಳ್ಯಾಳ್ರಿ, ಕಡೀದ ಒಳಗ ಹೋಗಾಂಗಿಲ್ಲಂತ. ಯಾಕಂದ್ರ ಎಲ್ಲಾರೂ ಅಂಜಿ ಓಡಿದ್ರ ಆಟ ಆಗೂದಿಲ್ಲಂತ್ರಿ.” ನಿಯಮದ ಜೊತೆಗೆ ಅದರ ಕಾರಣವೂ ಆಯಿಯ ಬಳಿ ಇತ್ತು. ಮೊಬೈಲು ನಿಯಮವನ್ನು ಪಾಲಿಸುತ್ತದೆ, ಕಾರಣವನ್ನು ಹೇಳುವುದಿಲ್ಲ. ಆ ಹುಡುಗಿ ಕೇಳದೇ ಇದ್ದಿದ್ದರೆ ಆ ಮನೆಯಲ್ಲಿ ಆ ಕಾರಣ ಆಯಿಯ ಜೊತೆಗೇ ಮುಗಿಯುತ್ತಿತ್ತು.

ಮಿತಿಗಳು

ಪಾಠ ಕುಂದಿಲ್ಲದೆ ನಡೆಯಿತು ಎಂದರೆ ಸುಳ್ಳಾಗುತ್ತದೆ. ಒಂದು ಅವಧಿಯ ಯೋಜನೆ ಎರಡು ಅವಧಿ ತಿಂದಿತು. ಗದ್ದಲಕ್ಕೆ ಪಕ್ಕದ ತರಗತಿಯವರು ಬಾಗಿಲಿಗೆ ಬಂದರು. ಪಾಠ ಮುಗಿದ ಮೇಲೆ ಮಾರ್ಗದರ್ಶಿ ಶಿಕ್ಷಕರು ಕೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ಆಟ ಚಲೋ ಆತು. ಹುಡುಗರ ನೋಟ್‌ಬುಕ್ಕಿನ್ಯಾಗ ಏನ ಉಳೀತು?” ನೋಡಿದರೆ ಹಲವರ ಪುಸ್ತಕದಲ್ಲಿ ತಾಳೆಗೆರೆಗಳ ಹೊರತು ಬೇರೇನೂ ಇರಲಿಲ್ಲ. ಮೂರನೆಯ ದಿನ 16 ಫಲಿತಗಳನ್ನು ಕ್ರಮವಾಗಿ ಬರೆಸಿ, ಸೂತ್ರಕ್ಕೆ ಜೋಡಿಸಿ, ಪಠ್ಯದ ಲೆಕ್ಕಗಳನ್ನು ಮಾಡಿಸಿದೆ.

ಬ್ಲೋ ಅವರ ವಿಚಾರ ತರಗತಿಗೆ ಪೂರ್ತಿ ಹೊಂದದಿರುವುದು ಇಲ್ಲಿಯೇ. ಒಗಟು ಬಿಡಿಸಲಾಗದವರು ಆಟ ಬಿಟ್ಟು ಎದ್ದು ಹೋಗಬಹುದು. ಅಂಥವರಿಗಾಗಿ ಅವರು ಆಟವನ್ನು ಸುಲಭಗೊಳಿಸುವುದಿಲ್ಲ. ನಮ್ಮ ತರಗತಿಯಿಂದ ಮಗು ಎದ್ದು ಹೋಗುವಂತಿಲ್ಲ, ಹೋಗಲು ನಾವು ಬಿಡಲೂಬಾರದು. ತಾನೇ ಕಂಡುಕೊಳ್ಳಲು ಸಾಕಷ್ಟು ಹೊತ್ತು ಕೊಟ್ಟ ಮೇಲೆ, ಕಾಣದೆ ಕುಳಿತ ಮಗುವಿನ ಪಕ್ಕಕ್ಕೆ ಹೋಗಿ ಬಾಯಿಬಿಟ್ಟು ಹೇಳುವುದು ನಮ್ಮ ಕೆಲಸ.

ಸಹ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಇಷ್ಟೇ. ಪಾಠಯೋಜನೆಯಲ್ಲಿ ‘ಪುನರ್ಬಲನ’ ಎಂಬ ಅಂಕಣ ತುಂಬುವ ಮೊದಲು, ಈ ಪಾಠದಲ್ಲಿ ತಿಳಿದುಕೊಳ್ಳುವುದೇ ಖುಷಿ ಕೊಡುವಂಥ ಜಾಗ ಎಲ್ಲಿದೆ ಎಂದು ಹುಡುಕಿ. ಅದು ಸಿಕ್ಕರೆ ಚಾಕಲೇಟಿನ ಖರ್ಚು ಉಳಿಯುತ್ತದೆ. ಸಿಗದಿದ್ದರೆ ಮಕ್ಕಳನ್ನು ದೂರದೆ ಪಾಠವನ್ನೇ ಮತ್ತೊಮ್ಮೆ ಕಟ್ಟಿ. ನನ್ನ ಡಬ್ಬಿಯಲ್ಲಿ ಉಳಿದಿದ್ದ ಚಾಕಲೇಟುಗಳನ್ನು ಇಂಟರ್ನ್‌ಶಿಪ್‌ನ ಕೊನೆಯ ದಿನ ಎಲ್ಲರಿಗೂ ಹಂಚಿದೆ, ಯಾವ ಪ್ರಶ್ನೆಯನ್ನೂ ಕೇಳದೆ.