ಮಾತು ಕೇಳದ ಮಕ್ಕಳಿಗಾಗಿ ಪ್ರಾರ್ಥಿಸುವುದು ಹೇಗೆ?



ಭಾನುವಾರದ ಬಲಿಪೂಜೆ ಮುಗಿದು ಜನರೆಲ್ಲ ದೇವಾಲಯದ ಅಂಗಳಕ್ಕೆ ಬರುವ ಹೊತ್ತಿಗೆ ಒಬ್ಬ ತಾಯಿಯಾದರೂ ಮಗನ ಕೈ ಹಿಡಿದುಕೊಂಡು ಗುರುಗಳ ಬಳಿ ಬರುತ್ತಾಳೆ. "ಫಾದರ್, ಇವ ಓದಂಗಿಲ್ರಿ. ಹೇಳಿದ ಮಾತು ಕೇಳಂಗಿಲ್ಲ. ಸಾಲಿಗೆ ಹೋಗು ಅಂದ್ರ ಎದುರು ಮಾತಾಡ್ತಾನ. ತಲಿ ಮ್ಯಾಲೆ ಕೈ ಇಟ್ಟು ಒಂದ್ ಪ್ರಾರ್ಥನಾ ಮಾಡ್ರಿ." ಹುಡುಗ ನೆಲ ನೋಡುತ್ತಾ ನಿಂತಿರುತ್ತಾನೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಎಲ್ಲಿ ಹೋದರೂ ನಮಗೆ ಕೇಳಿಬರುವ ಮಾತು ಇದೇ.

ಪ್ರಾರ್ಥನೆ ಖಂಡಿತ ಮಾಡುತ್ತೇವೆ. ಆದರೆ ಆ ಪ್ರಾರ್ಥನೆಯಲ್ಲಿ ನಾವು ಕೇಳುತ್ತಿರುವುದೇನು? ಇದನ್ನು ಇಂದು ಸ್ವಲ್ಪ ಕುಳಿತು ಯೋಚಿಸೋಣ.

ಪ್ರಾರ್ಥನೆ ಮಂತ್ರವಲ್ಲ

ದೇವರು ಮಾನವನಿಗೆ ಬುದ್ಧಿಯನ್ನೂ ಇಚ್ಛೆಯನ್ನೂ ಕೊಟ್ಟಿದ್ದಾರೆ. ಕೊಟ್ಟ ಸ್ವಾತಂತ್ರ್ಯವನ್ನು ಅವರು ಹಿಂದಕ್ಕೆ ಕಿತ್ತುಕೊಳ್ಳುವುದಿಲ್ಲ. ತಲೆಯ ಮೇಲೆ ಕೈಯಿಟ್ಟ ಕೂಡಲೇ ಮಗು ಯಂತ್ರದಂತೆ ಓದಲು ಕೂತುಬಿಡಬೇಕು ಎಂದು ಬಯಸಿದರೆ ನಾವು ಕೇಳುತ್ತಿರುವುದು ಕೃಪೆಯನ್ನಲ್ಲ, ಮಾಟವನ್ನು. ದೇವರ ಮನಸ್ಸನ್ನು ಬದಲಾಯಿಸಲು ನಾವು ಪ್ರಾರ್ಥಿಸುವುದಿಲ್ಲ, ನಮ್ಮ ಪ್ರಾರ್ಥನೆಯ ಮೂಲಕವೇ ಕೊಡಬೇಕೆಂದು ದೇವರು ಇಟ್ಟಿರುವುದನ್ನು ಪಡೆಯಲು ಪ್ರಾರ್ಥಿಸುತ್ತೇವೆ ಎಂದು ಸಂತ ತೋಮಸ್ ಅಕ್ವಿನಾಸರು ಬೋಧಿಸಿದರು. ಪಡೆಯಬೇಕಾದರೆ ಕೈ ತೆರೆದಿರಬೇಕು. ಆದ್ದರಿಂದ ಮಗನಿಗಾಗಿ ಪ್ರಾರ್ಥಿಸುವಾಗ ಮೊದಲು ಬದಲಾಗಬೇಕಾದವರು ಪ್ರಾರ್ಥಿಸುವ ನಾವೇ.

ನಮ್ಮ ಹೃದಯವನ್ನೇ ಕೇಳಿಕೊಳ್ಳೋಣ. ಮಗ ನಪಾಸಾದರೆ ನೋಯುವುದು ಅವನ ಭವಿಷ್ಯಕ್ಕಾಗಿಯೋ, ಓಣಿಯಲ್ಲಿ ನಮ್ಮ ಮರ್ಯಾದೆ ಹೋಯಿತೆಂದೋ?

ಇಬ್ಬರು ಮಕ್ಕಳ ಸಾಮತಿ

ಸಂತ ಮತ್ತಾಯರ ಶುಭಸಂದೇಶದ 21ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಒಬ್ಬ ತಂದೆಯ ಕತೆ ಹೇಳುತ್ತಾರೆ. ದ್ರಾಕ್ಷಿತೋಟದ ಕೆಲಸಕ್ಕೆ ಹೋಗೆಂದಾಗ ಹಿರಿಯ ಮಗ ಒಲ್ಲೆ ಎಂದ. ಆಮೇಲೆ ಮನಸ್ಸು ಬದಲಿಸಿ ಹೋದ. ಕಿರಿಯ ಮಗ ಹೋಗುತ್ತೇನೆ ಎಂದ, ಹೋಗಲೇ ಇಲ್ಲ. ಆ ಎರಡರ ನಡುವೆ ತಂದೆ ಏನು ಮಾಡಿದ ಗಮನಿಸಿದಿರಾ? ಒಲ್ಲೆ ಎಂದವನ ಬೆನ್ನು ಹತ್ತಿ ಹೊಡೆದ ಎಂದಿಲ್ಲ, ಮನೆಯಿಂದ ಹೊರಹಾಕಿದ ಎಂದೂ ಇಲ್ಲ. ಮನಸ್ಸು ಬದಲಿಸಲು ಮಗನಿಗೆ ಸಮಯವಿತ್ತು, ಹೋಗಿ ಸೇರಲು ತೋಟ ಅಲ್ಲೇ ಇತ್ತು. ಮಗುವಿನ ಮೊದಲ 'ಒಲ್ಲೆ' ಎಂಬ ಮಾತು ಕೊನೆಯ ಮಾತಲ್ಲ. ಹಾಗೆಯೇ, ನಮ್ಮೆದುರು 'ಹೂಂ' ಎಂದು ತಲೆಯಾಡಿಸುವ ಮಗುವೆಲ್ಲ ವಿಧೇಯ ಮಗುವೂ ಅಲ್ಲ.

ಕಾರಣ ಹುಡುಕುವುದೂ ಪ್ರಾರ್ಥನೆಯೇ

ಸೋಮಾರಿ ಎಂಬ ಹೆಸರಿಡುವುದು ಸುಲಭ. ಕಾರಣ ಹುಡುಕುವುದು ಕಷ್ಟ. ಕರಿಹಲಗೆಯ ಅಕ್ಷರ ಕಾಣದ ಮಗುವಿಗೆ ಮೊದಲು ಬೇಕಾದದ್ದು ಕನ್ನಡಕ. ಎಂಟನೇ ತರಗತಿಗೆ ಬಂದರೂ ಒಂದು ಪುಟವನ್ನು ತಡವರಿಸದೆ ಓದಲಾಗದ ಹುಡುಗ ತನ್ನ ನಾಚಿಕೆಯನ್ನು ಹಟದಿಂದ ಮುಚ್ಚಿಕೊಳ್ಳುತ್ತಾನೆ. ಹತ್ತಿ ಬೀಜದ ಹೊಲಗಳಲ್ಲಿ ಕ್ರಾಸಿಂಗ್ ಕಾಲ ಬಂದಾಗ ಮಗಳನ್ನು ಶಾಲೆ ಬಿಡಿಸಿ ಕೆಲಸಕ್ಕೆ ಕಳಿಸಿದವರು, ಪರೀಕ್ಷೆಯ ಹೊತ್ತಿಗೆ ಅವಳು ಹಿಂದುಳಿದಳೆಂದು ಬೈಯಬಹುದೇ? ಕುಷ್ಟಗಿ, ಯಲಬುರ್ಗಾದ ಮಳೆಯಾಶ್ರಿತ ಹಳ್ಳಿಗಳಿಂದ ಗುಳೆ ಹೋಗುವ ತಂದೆತಾಯಿ ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು ಹೋಗುತ್ತಾರೆ. ಹೊಟ್ಟೆಪಾಡು, ತಪ್ಪೆನ್ನಲಾರೆ. ಆದರೆ ತಿಂಗಳುಗಟ್ಟಲೆ ಮುಖ ಕಾಣದ ಮಗುವಿಗೆ ಫೋನಿನಲ್ಲಿ ನಮ್ಮ ಬೈಗುಳ ಮಾತ್ರ ಕೇಳಿಸಿದರೆ ವಿಧೇಯತೆ ಎಲ್ಲಿಂದ ಹುಟ್ಟೀತು?

ಮಕ್ಕಳನ್ನು ಕೆಣಕಿ ಎದೆಗುಂದಿಸಬೇಡಿ ಎಂದು ಕೊಲೊಸ್ಸೆಯರ ಪತ್ರದ 3ನೇ ಅಧ್ಯಾಯ ತಂದೆಯರನ್ನು ಎಚ್ಚರಿಸುತ್ತದೆ. ಮಕ್ಕಳು ವಿಧೇಯರಾಗಿರಬೇಕು ಎನ್ನುವ ವಾಕ್ಯದ ಮಗ್ಗುಲಲ್ಲೇ ಈ ಎಚ್ಚರಿಕೆ ಇದೆ. ನಾವು ಮೊದಲನೆಯದನ್ನು ಮಾತ್ರ ಬಾಯಿಪಾಠ ಮಾಡಿದ್ದೇವೆ.

ಏಟು ತಿಂದ ಸಂತ

ಸಂತ ಅಗಸ್ಟೀನರು 354ರಲ್ಲಿ ಆಫ್ರಿಕದ ತಗಾಸ್ತೆಯಲ್ಲಿ ಹುಟ್ಟಿದರು. ಶಾಲೆಯಲ್ಲಿ ಆಟವೇ ಹೆಚ್ಚು. ಗ್ರೀಕ್ ಪಾಠವೆಂದರೆ ಆಗದು. ಏಟು ತಪ್ಪಿಸೆಂದು ಬಾಲಕ ದೇವರಲ್ಲಿ ಮೊರೆಯಿಡುತ್ತಿದ್ದ. ಮನೆಯ ಹಿರಿಯರು ಅದನ್ನು ಕೇಳಿ ನಗುತ್ತಿದ್ದರು ಎಂದು ಅವರೇ ಬರೆದುಕೊಂಡಿದ್ದಾರೆ. ಹದಿನಾರನೇ ವಯಸ್ಸಿನಲ್ಲಿ, ಮುಂದೆ ಓದಿಸಲು ಮನೆಯಲ್ಲಿ ಹಣವಿಲ್ಲದೆ ಒಂದು ವರ್ಷ ಖಾಲಿ ಕೂತಾಗಲೇ ಗೆಳೆಯರ ಜೊತೆ ದಾರಿ ತಪ್ಪಿದರು. ಮುಂದೆ ವಿಶ್ವಾಸವನ್ನೂ ಬಿಟ್ಟರು.

ತಾಯಿ ಮೋನಿಕಾ ಒಮ್ಮೆ ಮಗನನ್ನು ತನ್ನ ಮನೆಗೂ ಊಟಕ್ಕೂ ಸೇರಿಸಲಿಲ್ಲ; ಆಮೇಲೆ ಮತ್ತೆ ಸೇರಿಸಿಕೊಂಡಳು. ಮಗನಿಗೆ ಬುದ್ಧಿ ಹೇಳಿ ಎಂದು ಒಬ್ಬ ಧರ್ಮಾಧ್ಯಕ್ಷರನ್ನು ಕಾಡಿದಳು. ಅವರು ಒಪ್ಪಲಿಲ್ಲ. ಅವನು ಈಗ ಕೇಳುವ ಸ್ಥಿತಿಯಲ್ಲಿಲ್ಲ, ಸದ್ಯಕ್ಕೆ ಬಿಡು, ಪ್ರಾರ್ಥನೆಯನ್ನು ಮಾತ್ರ ಬಿಡಬೇಡ ಎಂಬರ್ಥದಲ್ಲಿ ಹೇಳಿ ಕಳಿಸಿದರು. ಎಂದರೆ, ಉಪದೇಶಕ್ಕೂ ಒಂದು ಕಾಲವಿದೆ. 387ರ ಪಾಸ್ಕ ಹಬ್ಬದಲ್ಲಿ ಮಿಲಾನಿನ ಸಂತ ಅಂಬ್ರೋಸರ ಕೈಯಿಂದ ಅಗಸ್ಟೀನರು ದೀಕ್ಷಾಸ್ನಾನ ಪಡೆದರು. ಅದೇ ವರ್ಷ ಮೋನಿಕಾ ತೀರಿಕೊಂಡಳು. ಒಂದು ನವೇನದ ಒಂಬತ್ತು ದಿನಗಳಲ್ಲಿ ಮಗ ಬದಲಾಗಲಿಲ್ಲವೆಂದು ಬೇಸರಪಡುವ ನಮಗೆ ಇದು ಪಾಠ.

ನನ್ನದೊಂದು ತಪ್ಪು

ಗುರುವಾದ ಮೊದಲ ವರ್ಷಗಳಲ್ಲಿ ನಾನು ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳ ಅಂಕಗಳನ್ನು ಎಲ್ಲರೆದುರು ಕೇಳುತ್ತಿದ್ದೆ. ಉತ್ತೇಜನವೆಂದೇ ತಿಳಿದಿದ್ದೆ. ನಾಲ್ಕು ವಿಷಯಗಳಲ್ಲಿ ನಪಾಸಾಗಿದ್ದ ಒಬ್ಬ ಹುಡುಗನನ್ನು ನಿಲ್ಲಿಸಿ ಒಂದು ಮಾತು ಆಡಿದೆ. ಮಕ್ಕಳೆಲ್ಲ ನಕ್ಕರು. ಮುಂದಿನ ಭಾನುವಾರ ಅವನು ಬರಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದನೆಂದು ತಿಳಿಯಿತು. ಹೋಗಲು ಬೇರೆ ಕಾರಣಗಳೂ ಇದ್ದಾವು. ಆದರೆ ದೇವಾಲಯದ ಬಾಗಿಲು ಅವನಿಗೆ ಮುಚ್ಚಿದ್ದು ನನ್ನ ಮಾತಿನಿಂದ. ಅವನ ಹೆಸರನ್ನು ಇಂದಿಗೂ ಬಲಿಪೂಜೆಯಲ್ಲಿ ನೆನೆಯುತ್ತೇನೆ.

1841ರ ಡಿಸೆಂಬರ್ 8ರಂದು ಟ್ಯೂರಿನ್ ನಗರದ ದೇವಾಲಯವೊಂದರಲ್ಲಿ, ಪೂಜೆಗೆ ಸೇವೆ ಮಾಡಲು ಬಾರದೆಂಬ ಕಾರಣಕ್ಕೆ ಹುಡುಗನೊಬ್ಬನನ್ನು ಅಲ್ಲಿನ ಕೆಲಸದವನು ಹೊಡೆದು ಓಡಿಸಿದ. ಸಂತ ಜಾನ್ ಬೋಸ್ಕೊ ಅವನನ್ನು ಮರಳಿ ಕರೆಸಿದರು. ಅವನೂ ಊರು ಬಿಟ್ಟು ಬಂದ, ಗಾರೆ ಕೆಲಸದ ಅನಾಥ ಹುಡುಗ. ಓದಲು ಬರುತ್ತದೆಯೇ? ಇಲ್ಲ. ಹಾಡಲು? ಇಲ್ಲ. ಸಿಳ್ಳೆ ಹೊಡೆಯಲು? ಹುಡುಗ ನಕ್ಕ. ಅಲ್ಲಿಂದ ಪಾಠ ಶುರುವಾಯಿತು, ಒಂದು ನಮೋ ಮರಿಯಾ ಪ್ರಾರ್ಥನೆಯೊಂದಿಗೆ. ಮಗುವಿಗೆ ಬಾರದ್ದನ್ನು ಎಣಿಸುವ ನಾಲಿಗೆ ಅವನಿಗೆ ಬರುವ ಒಂದನ್ನಾದರೂ ಹುಡುಕಬೇಕು.

ಮನೆಯಲ್ಲಿ ಮಾಡಬೇಕಾದದ್ದು

ಮಕ್ಕಳ ಮೊದಲ ಶಿಕ್ಷಕರು ತಂದೆತಾಯಿಗಳೇ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿತು. ಓದಲು ಬಾರದ ತಾಯಿಯೂ ಈ ಕೆಲಸ ಮಾಡಬಲ್ಲಳು.

ಮೊದಲನೆಯದು, ಸಂಜೆ ಒಂದು ಗಂಟೆ ಮನೆಯಲ್ಲಿ ಟಿ.ವಿ., ಮೊಬೈಲ್ ಎರಡೂ ಬೇಡ. ಅಪ್ಪನ ಮೊಬೈಲೂ ಬೇಡ. ಮಗು ಓದಲಿ, ಅವ್ವ ಪಕ್ಕದಲ್ಲಿ ಅಕ್ಕಿ ಆರಿಸುತ್ತಾ ಕೂತಿರಲಿ.

ಎರಡನೆಯದು, ಓದಿಗೆ ಮುನ್ನ ಒಂದು ಪರಲೋಕ ಪ್ರಾರ್ಥನೆಯನ್ನು ಮಗುವಿನೊಂದಿಗೆ ಹೇಳಿ. ಗುಳೆ ಹೋದವರು ದಿನವೂ ಒಂದೇ ಹೊತ್ತಿಗೆ ಫೋನು ಹಚ್ಚಿ ಜೊತೆಗೂಡಿ ಹೇಳಿ. ಅಂಕದ ಮಾತು ಆಮೇಲೆ.

ಮೂರನೆಯದು, ತಿಂಗಳಿಗೊಮ್ಮೆ ಶಾಲೆಗೆ ಹೋಗಿ ಮಾಸ್ತರರೊಡನೆ ಮಾತಾಡಿ. "ನಾಲ್ಕು ಬಿಗೀರಿ" ಎನ್ನಬೇಡಿ. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಯಾವ ಪಾಠದಲ್ಲಿ ಎಡವುತ್ತಾನೆ ಎಂದು ಕೇಳಿ.

ನಾಲ್ಕನೆಯದು, ತಪ್ಪಿಗೆ ಶಿಸ್ತು ಬೇಕು. ಹೇಳಿದ ಶಿಕ್ಷೆ ಸಣ್ಣದಿರಲಿ, ತಪ್ಪದೆ ನಡೆಯಲಿ. ಆದರೆ ಸೂರ್ಯ ಮುಳುಗುವುದರೊಳಗೆ ಮಾತು ಬಿಟ್ಟವರು ಮಾತಾಡಬೇಕು. ನಿಮ್ಮದೇ ತಪ್ಪಿದ್ದರೆ ಮಗನ ಕ್ಷಮೆ ಕೇಳಿ. ಅದರಿಂದ ನಿಮ್ಮ ಮಾತಿನ ತೂಕ ಹೆಚ್ಚುತ್ತದೆ.

ಎಸ್.ಎಸ್.ಎಲ್.ಸಿ.ಯಲ್ಲಿ ನಪಾಸಾದ ಮಗುವಿಗೆ ಅದೇ ವರ್ಷ ಮತ್ತೆ ಪರೀಕ್ಷೆ ಬರೆಯುವ ಅವಕಾಶ ಇದೆ. 2013ರಿಂದ ಜಾರಿಯಾದ 371(ಜೆ) ವಿಧಿಯಿಂದ ನಮ್ಮ ಭಾಗದ ಮಕ್ಕಳಿಗೆ ಶಿಕ್ಷಣ, ಉದ್ಯೋಗಗಳಲ್ಲಿ ಮೀಸಲು ಇದೆ. ಬಾಗಿಲುಗಳು ಇವೆ. ಆ ಬಾಗಿಲ ತನಕ ಮಗುವಿನ ಕೈ ಹಿಡಿದು ನಡೆಯುವವರು ಬೇಕು.

ಪ್ರಾರ್ಥನೆ

ನಜರೇತಿನ ಮನೆಯಲ್ಲಿ ಮರಿಯಾ ಜೋಸೆಫರಿಗೆ ವಿಧೇಯರಾಗಿ ಬೆಳೆದ ಯೇಸುವೇ, ನಮ್ಮ ಮಕ್ಕಳನ್ನು ನಿಮ್ಮ ಕೈಗೆ ಒಪ್ಪಿಸುತ್ತೇವೆ. ಅವರಿಗೆ ಕಲಿಯುವ ಹಸಿವನ್ನು ಕೊಡಿ. ನಮಗೆ ಕಾಯುವ ತಾಳ್ಮೆಯನ್ನು ಕೊಡಿ. ಅವರ ಕಷ್ಟ ಕಾಣುವ ಕಣ್ಣು, ಅವರ ಮನಸ್ಸು ಮುರಿಯದ ನಾಲಿಗೆ ನಮ್ಮದಾಗಲಿ. ಒಲ್ಲೆ ಎಂದು ಹೊರಟವರು ಮರಳಿ ಬರುವ ದಿನ ನಮ್ಮ ಮನೆಯ ಬಾಗಿಲು ತೆರೆದಿರಲಿ. ಆಮೆನ್.