ಪಾಯಕ್ಕಿಂತ ಮೊದಲು ಪಹಣಿ

ಹಳಿಯಾಳದಲ್ಲಿ ಮನೆ ನಕ್ಷೆ ಬರೆಯುತ್ತ ಇಪ್ಪತ್ತು ವರ್ಷ ದಾಟಿತು. ಸಾಂಬ್ರಾಣಿ, ಭಾಗವತಿ ಕಡೆಯವರು ಸಂತೆಗೆ ಬಂದಾಗ ಹಾಗೇ ನನ್ನ ಮೆಟ್ಟಿಲು ಹತ್ತುತ್ತಾರೆ. ಕೈಚೀಲದಲ್ಲಿ ಮೇಲೆ ಮೆಣಸಿನಕಾಯಿ, ಕೆಳಗೆ ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ಕಾಗದ. "ಒಂದು ಪ್ಲಾನ್ ಹಾಕಿಕೊಡ್ರಿ ಸರ" ಎಂಬಲ್ಲಿಂದ ಮಾತು ಶುರು. ದೇವರಮನೆ ಎಲ್ಲಿ, ಒಲೆ ಯಾವ ದಿಕ್ಕಿಗೆ ಎಂದು ಅವರು ಹೇಳುತ್ತ ಹೋಗುತ್ತಾರೆ. ನನ್ನ ಕಣ್ಣು ಆ ಕವರಿನ ಮೇಲೆ. ನಮ್ಮ ಸೀಮೆಯಲ್ಲಿ ಪರವಾನಿಗೆ ಸಿಕ್ಕಿಕೊಳ್ಳುವುದು ಗೋಡೆಯಲ್ಲಲ್ಲ, ನೆಲದಲ್ಲಿ.

1. ತೆರಿಗೆ ರಸೀದಿ ಹಕ್ಕುಪತ್ರವಲ್ಲ.

ಹತ್ತರಲ್ಲಿ ಆರೇಳು ಜನ ಮೊದಲು ತೆಗೆದು ತೋರಿಸುವುದು ಪಂಚಾಯ್ತಿಗೆ ಮನೆಪಟ್ಟಿ ಕಟ್ಟಿದ ರಸೀದಿ. ಅಜ್ಜನ ಕಾಲದಿಂದ ಕಟ್ಟಿದ್ದೇವೆ ಎನ್ನುತ್ತಾರೆ. ಕಟ್ಟಿದ್ದು ನಿಜ, ಆದರೆ ಜಾಗ ಯಾರದೆಂದು ಆ ರಸೀದಿ ಹೇಳುವುದಿಲ್ಲ. ಗಾವಠಾಣದೊಳಗಿನ ಜಾಗವಾದರೆ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಬರಬೇಕು. 11ಬಿ ಕೈಗೆ ಬಂದರೆ ಹಿಗ್ಗಬೇಡಿ. ತೆರಿಗೆ ಲೆಕ್ಕಕ್ಕೆ ಹೆಸರು ಸೇರಿದೆ ಎಂಬುದಕ್ಕಿಂತ ಹೆಚ್ಚಿನ ಬಲ ಅದಕ್ಕಿಲ್ಲ ಎಂದುಕೊಂಡೇ ನಾನು ಕೆಲಸ ಹಿಡಿಯುತ್ತೇನೆ.

ಪಹಣಿ ಇದ್ದರೆ ಅದು ಹೊಲ. ಹಳಬರು ಪಹಣಿಗೆ ಇನ್ನೂ ಉತಾರ ಎನ್ನುತ್ತಾರೆ, 1956ರವರೆಗೆ ಮುಂಬೈ ಕಡೆಗಿದ್ದ ಜಿಲ್ಲೆಯಲ್ಲವೇ. ಹೊಲ ನಿಮ್ಮದೇ ಆದರೂ ಮನಸ್ಸಿಗೆ ಬಂದಂತೆ ಮನೆ ಎಬ್ಬಿಸುವಂತಿಲ್ಲ. 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಂತೆ ಭೂಪರಿವರ್ತನೆ ಆಗಬೇಕು. ಸಾಗುವಳಿಗೆ ಬೇಕಾದ ತೋಟದ ಮನೆಗೆ ಕಾಯ್ದೆ ಜಾಗ ಬಿಟ್ಟಿದೆ. ಬಾಡಿಗೆ ಕೋಣೆಗಳಿಗೆ ಬಿಟ್ಟಿಲ್ಲ.

2. ಕಾಡು ಎಲ್ಲಿ ಮುಗಿಯಿತು ಎಂದು ಮನೆಯವರನ್ನು ಕೇಳಬೇಡಿ.

ಜಿಲ್ಲೆಯ ಮುಕ್ಕಾಲಿಗಿಂತ ಹೆಚ್ಚು ನೆಲ ಅರಣ್ಯ. ಒಮ್ಮೆ ಒಂದು ಕೇರಿಯ ತುದಿಯ ಮನೆ ಅಳೆಯಲು ಹೋಗಿದ್ದೆ. ಹಳೇ ಮಣ್ಣಿನ ಗೋಡೆ ಕೆಡವಿ ಚಿರೆಕಲ್ಲಿನಲ್ಲಿ ಕಟ್ಟುವ ಆಸೆ. ಟೇಪಿನ ತುದಿ ಹಿಡಿದು ಹಿತ್ತಲಿಗೆ ಹೋದ ಹುಡುಗ ಅಲ್ಲೇ ನಿಂತು, "ಇಲ್ಲೊಂದು ಕಲ್ಲೈತ್ರಿ" ಎಂದ. ಹೋಗಿ ನೋಡಿದರೆ ಲಂಟಾನದ ಪೊದೆಯೊಳಗೆ ಪಾಚಿ ಕಟ್ಟಿದ ಕಲ್ಲುಗುಪ್ಪೆ, ಅರಣ್ಯದ ಗಡಿ. ಮುಂದಿನ ಗುಪ್ಪೆಗೆ ಹಗ್ಗ ಎಳೆದೆವು. ಹಗ್ಗ ಬಚ್ಚಲುಮನೆಯ ಹಂಡೆಯ ಮೇಲೆ ಹಾದು, ಕೊಟ್ಟಿಗೆಯನ್ನು ಪೂರ್ತಿ ಆಚೆಗೆ ಬಿಟ್ಟಿತು. ಯಜಮಾನ ಬಹಳ ಹೊತ್ತು ಆ ಹಗ್ಗವನ್ನೇ ನೋಡಿದ. ನಕ್ಷೆಯನ್ನು ಹದಿನಾಲ್ಕು ಅಡಿ ಮುಂದಕ್ಕೆ ತಂದೆವು. ಅಂಗಳ ಹೋಯಿತು, ಮನೆ ಉಳಿಯಿತು.

ಇಡೀ ಮನೆಯೇ ಅರಣ್ಯದ ನೆಲದಲ್ಲಿದ್ದರೆ ಪ್ರಶ್ನೆ 2006ರ ಅರಣ್ಯ ಹಕ್ಕು ಕಾಯ್ದೆಗೆ ಹೋಗುತ್ತದೆ. ಇಲ್ಲಿ ಅಕ್ಕಪಕ್ಕದ ಮನೆಗಳಿಗೂ ಒಂದೇ ಉತ್ತರವಿಲ್ಲ. ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದವರು. 2005ರ ಡಿಸೆಂಬರ್ 13ಕ್ಕೆ ಮೊದಲು ಅಲ್ಲಿ ವಾಸವಿದ್ದರೆಂದು ತೋರಿಸಿದರೆ ಸಾಕು. ಬೇಲಿಯಾಚೆಯ ಗೌಳಿ ಕುಟುಂಬ ಮೂರು ತಲೆಮಾರು, ಅಂದರೆ 75 ವರ್ಷ ತೋರಿಸಬೇಕು. ಎಮ್ಮೆ ಹೊಡೆದುಕೊಂಡು ಕಾಡಿನಿಂದ ಕಾಡಿಗೆ ಹೋದವರು 75 ವರ್ಷದ ಕಾಗದ ಎಲ್ಲಿಂದ ತರಬೇಕೋ, ನನಗಂತೂ ಈವರೆಗೆ ತಿಳಿದಿಲ್ಲ.

ಹಕ್ಕುಪತ್ರ ಸಿಕ್ಕ ಮೇಲೂ ಒಂದು ಮಾತಿದೆ. ಅದು ಮಕ್ಕಳಿಗೆ ಹೋಗುತ್ತದೆ, ಮಾರಾಟಕ್ಕೆ ಹೋಗುವುದಿಲ್ಲ. ಲ್ಯಾಮಿನೇಟ್ ಮಾಡಿಸಿದ ಹಕ್ಕುಪತ್ರ ಹಿಡಿದು, ಅಡವಿಟ್ಟು ಸ್ಲ್ಯಾಬ್ ಹಾಕಿಸುತ್ತೇನೆಂದು ಬಂದ ಅಜ್ಜಿಗೆ ಇದನ್ನು ಹೇಳಿದ ದಿನ ನನಗೆ ಊಟ ಸೇರಲಿಲ್ಲ. ಕೊನೆಗೆ ಹಂಚಿನ ಮಾಡಿನ ಮನೆಯನ್ನೇ ಬರೆದುಕೊಟ್ಟೆ.

3. ಬಾಯಿಲೆಕ್ಕದ ಗುಂಟೆಗೆ ನಕ್ಷೆ ಬರೆಯಬೇಡಿ.

ಗುಂಟೆ ಎಂದರೆ 1,089 ಚದರ ಅಡಿ, ಮಾತಿನಲ್ಲಿ ಮಾತ್ರ ಅದು ಹಿಗ್ಗುತ್ತದೆ. ಶುರುವಿನ ವರ್ಷಗಳಲ್ಲಿ ಒಬ್ಬರು ಹೇಳಿದ ನಾಲ್ಕು ಗುಂಟೆಯನ್ನು ನಂಬಿ ನಕ್ಷೆ ಬರೆದೆ, ಪಾಯವೂ ಎದ್ದಿತು. ಆಮೇಲೆ ಅಣ್ಣತಮ್ಮಂದಿರ ತಕರಾರಿಗೆ ಭೂಮಾಪಕರು ಬಂದರು. ನಾವು ನಮ್ಮದೆಂದುಕೊಂಡ ಬಾವಿ ತಮ್ಮನ ಹಿಸ್ಸೆಯಲ್ಲಿತ್ತು. ತಪ್ಪು ನನ್ನದು, ಎರಡನೇ ನಕ್ಷೆಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಅಂದಿನಿಂದ ಮೋಜಿಣಿಯ ಸ್ಕೆಚ್ ಬಾರದೆ ಪೆನ್ಸಿಲ್ ಮುಟ್ಟುವುದಿಲ್ಲ.

4. ಸ್ವೀಕೃತಿ ಇಲ್ಲದ ಅರ್ಜಿ, ಕೊಟ್ಟೂ ಕೊಡದಂತೆ.

ಹಳ್ಳಿಯಲ್ಲಿ ಯಾರ ಪರವಾನಿಗೆ ಎಂದು ನಗುವವರಿಗೆ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಂ ತೋರಿಸುತ್ತೇನೆ. ಕಟ್ಟಲು ಗ್ರಾಮ ಪಂಚಾಯತಿಯ ಲಿಖಿತ ಒಪ್ಪಿಗೆ ಬೇಕು. "ಶುರು ಮಾಡ್ಕೋರಿ, ನೋಡೋಣ" ಎಂಬುದು ಒಪ್ಪಿಗೆಯಲ್ಲ. ಹಾಗೆ ಹೇಳಿದವರಿಗೆ ವರ್ಗವಾದ ಮೇಲೆ ಬಂದವರು ನೋಡುವ ರೀತಿಯೇ ಬೇರೆ. ಒಂದು ಕಚೇರಿಯಲ್ಲಿ ನಮ್ಮ ಕಡತ ಬಂದೇ ಇಲ್ಲವೆಂದರು. ದಿನಾಂಕ, ಮೊಹರು ಇದ್ದ ಸ್ವೀಕೃತಿ ಮುಂದಿಟ್ಟೆ. ಚಹಾ ಕುಡಿದು ಮುಗಿಯುವುದರೊಳಗೆ ಕಪಾಟಿನ ಮೇಲಿಂದ ಕಡತ ಇಳಿಯಿತು.

5. ಗೋಡೆಯಿಂದಲ್ಲ, ಸೂರಿನಿಂದ ಅಳೆಯಿರಿ.

ಬೇಲಿಯಿಂದ ಮೂರಡಿ ಬಿಟ್ಟು ಗೋಡೆ ಕಟ್ಟುತ್ತಾರೆ. ಮಳೆಯ ಊರು, ಸೂರು ಮೂರಡಿ ಹೊರಚಾಚಲೇಬೇಕು. ಹಂಚಿನ ನೀರು ನೆಟ್ಟಗೆ ಪಕ್ಕದವರ ಅಂಗಳಕ್ಕೆ. ಜೂನ್ ತಿಂಗಳ ಮೊದಲ ವಾರ ನನ್ನ ಫೋನು ಹೊಡೆದುಕೊಳ್ಳುವುದು ಹೆಚ್ಚಾಗಿ ಇದಕ್ಕೇ. ಕಾಗದವೆಲ್ಲ ಸರಿಯಿದ್ದೂ ಮಾತು ಬಿಟ್ಟ ನೆರೆಯವರನ್ನು ಕಂಡಿದ್ದೇನೆ. ಅದಕ್ಕೇ ನನ್ನ ನಕ್ಷೆಯಲ್ಲಿ ಹನಿ ಬೀಳುವ ಸಾಲಿಗೂ ಒಂದು ಚುಕ್ಕಿಗೆರೆ ಇರುತ್ತದೆ.

6. ಹಿತ್ತಲ ಮರ ನಿಮ್ಮದು, ಕೊಡಲಿ ಎತ್ತುವ ಮುಂಚೆ ಕೇಳಬೇಕು.

1976ರ ಮರ ಸಂರಕ್ಷಣಾ ಕಾಯ್ದೆ ಸ್ವಂತ ಜಾಗಕ್ಕೂ ಅನ್ವಯ. ತೇಗ, ಮತ್ತಿ, ಹೊನ್ನೆ ಕಡಿದು ಬಾಗಿಲು ಮಾಡಿಸುವ ಆಸೆಯಿದ್ದರೆ ಪಾಯದ ಅರ್ಜಿಯ ಜೊತೆಗೇ ಅರಣ್ಯ ಇಲಾಖೆಗೂ ಅರ್ಜಿ ಹಾಕಿ.

7. ಸಣ್ಣ ಲೆಕ್ಕಗಳು.

ಕಟ್ಟಡ ಕಾರ್ಮಿಕರ ಸೆಸ್ ಶೇಕಡಾ 1. ವಾಸಕ್ಕೆಂದು ಕಟ್ಟಿಕೊಳ್ಳುವ ಸ್ವಂತ ಮನೆಯ ವೆಚ್ಚ ಕಾಯ್ದೆಯ ಮಿತಿ ಮೀರದಿದ್ದರೆ ಅದಿಲ್ಲ. ಕೇಳಿದರೆಂದು ಸುಮ್ಮನೆ ಕಟ್ಟಬೇಡಿ. ವಸತಿ ಯೋಜನೆಯ ಮನೆಯಾದರೆ ಪ್ರತಿ ಹಂತದ ಫೋಟೊ ಜಿಪಿಎಸ್ ಸಮೇತ ಹೋಗುತ್ತದೆ, ವಾಸ್ತು ನೋಡಿ ಜಾಗ ಬದಲಿಸಿದವರ ಕಂತು ನಿಂತದ್ದುಂಟು. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು, ಪೂರ್ಣಗೊಂಡ ಪ್ರಮಾಣಪತ್ರ ನೋಡಿಯೇ ವಿದ್ಯುತ್, ನೀರು ಕೊಡಿ ಎಂದಿತು. ಅಲ್ಲಿಂದ ಮೀಟರಿಗಾಗಿ ಹೆಸ್ಕಾಂ ಕಚೇರಿಗೆ ಅಲೆಯುವವರೂ ನನ್ನ ಮೆಟ್ಟಿಲು ಹತ್ತತೊಡಗಿದ್ದಾರೆ.

8. ದಾಂಡೇಲಿಯ ಗಾಳಿಗೆ ಹೊಲ ಕೊಳ್ಳುವವರು.

ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು 2020ರಲ್ಲಿ ಹೋದವು. ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಎಂದಾದ ಮೇಲೆ ಕಾರುಗಳು ಸಾಂಬ್ರಾಣಿಯ ಕಡೆಗೂ ತಿರುಗಿದವು. ಕೊಳ್ಳಲು ಬಂತೆಂದು ಕಟ್ಟಲು ಬರುವುದಿಲ್ಲ, ಭೂಪರಿವರ್ತನೆ ಆಗಲೇಬೇಕು. ಪರಿಶಿಷ್ಟರಿಗೆ ಮಂಜೂರಾದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಅನುಮತಿಯಿಲ್ಲದ ಕ್ರಯವೇ ನಿಲ್ಲದು.

ಹೋದ ತಿಂಗಳು ಒಬ್ಬರು ಬಂದಿದ್ದರು. ಎಂಟು ಕಾಟೇಜು, ನಡುವೆ ಈಜುಕೊಳ, ಮುಂಗಡವೂ ಕೊಟ್ಟಾಗಿತ್ತು. ಪಹಣಿ ಕೇಳಿದೆ. ಮೊಬೈಲು ತೆಗೆದು, ಬೆರಳಿನಿಂದ ಹಿಗ್ಗಿಸಿ, ಆ ಹೊಲದ ಮೇಲೆ ಸೂರ್ಯ ಮುಳುಗುವ ಫೋಟೊ ತೋರಿಸಿದರು.