ಸಗಣಿ ಚೀಟಿ ನೋಡಿ ಸುಮ್ಮನಾಗಬೇಡ

ಹಸುವಿನ ಗದ್ದ ಊದಿದೆ ಅಂದೆಯಲ್ಲ ಮಗ, ಸಂಜೆ ಮೇದು ಬಂದಾಗ ಊತವನ್ನು ಹೆಬ್ಬೆರಳಲ್ಲಿ ಒತ್ತಿ ನೋಡು. ಕಲಸಿದ ಹಿಟ್ಟಿಗೆ ಒತ್ತಿದ ಹಾಗೆ ಗುಳಿ ಬಿದ್ದು ಅಲ್ಲೇ ನಿಂತರೆ ಅದು ನೀರು. ಬೆಳಗ್ಗೆ ಹೊತ್ತಿಗೆ ಇಳಿದಿರುತ್ತೆ, ನಂಬಬೇಡ. ಲಿವರ್ ಹುಳು ಇರಬಹುದು, ಬೇರೆ ಹುಳುವೂ ಇರಬಹುದು. ಊತ ಒಂದನ್ನೇ ನೋಡಿ ಹೇಳೋಕಾಗಲ್ಲ.

ನಮ್ಮ ಉಯ್ಯಂಬಳ್ಳಿ ಕಡೆ ಬೇಸಿಗೆಯಲ್ಲಿ ಹಸಿರು ಉಳಿಯೋದು ಕೆರೆಯಂಗಳದಲ್ಲೇ. ಅಲ್ಲಿನ ನೀರಿನ ಬಸವನಹುಳುವಿನಲ್ಲಿ ಬೆಳೆದ ಲಿವರ್ ಹುಳುವಿನ ಮರಿ ಹುಲ್ಲಿಗೆ ಅಂಟಿ ಕಾಯುತ್ತೆ. ಹಸು ನುಂಗಿದ ಮೇಲೆ ಕರುಳು ತೂರಿ, ಲಿವರ್ ಕೊರೆದು, ಪಿತ್ತನಾಳ ಸೇರಿ ಮೊಟ್ಟೆಯಿಡೋಕೆ 12ರಿಂದ 16 ವಾರ. ಅಲ್ಲೀವರೆಗೆ ಸಗಣಿಯಲ್ಲಿ ಏನು ಸಿಕ್ಕೀತು? ನಾನು ಮೋಸಹೋದದ್ದು ಇಲ್ಲೇ. ‘ಮೊಟ್ಟೆ ಇಲ್ಲ’ ಅನ್ನೋ ಚೀಟಿಯನ್ನು ಜೇಬಲ್ಲಿಟ್ಟುಕೊಂಡು ಎರಡು ತಿಂಗಳು ಓಡಾಡಿದೆ; ಹಳ್ಳಿಕಾರ್ ಹಸು ಮೂಳೆ ಚಕ್ಕಳವಾಯ್ತು.

ರಕ್ತ ಬೇಗ ಬಾಯಿ ಬಿಡುತ್ತೆ. ಹುಳುವಿನ ವಿರುದ್ಧ ಮೈ ಹುಟ್ಟಿಸೋ ಪ್ರತಿಕಾಯ ಎಲೈಸಾ ಪರೀಕ್ಷೆಯಲ್ಲಿ ಎರಡರಿಂದ ನಾಲ್ಕು ವಾರದಲ್ಲೇ ಕಾಣಿಸಿಕೊಳ್ಳಬಹುದು. ಹಾಗಂತ ಅದನ್ನೂ ಕಣ್ಣುಮುಚ್ಚಿ ನಂಬಬೇಡ. ಔಷಧಿ ಕುಡಿಸಿ ಹುಳು ಸತ್ತ ಮೇಲೂ ಪ್ರತಿಕಾಯ ತಿಂಗಳುಗಟ್ಟಲೆ ರಕ್ತದಲ್ಲಿ ಉಳಿಯುತ್ತೆ. ಜಿಜಿಟಿ ಅನ್ನೋ ಇನ್ನೊಂದು ಪರೀಕ್ಷೆ ಇದೆ. ಅದು ಏರಿದ್ದರೆ ಪಿತ್ತನಾಳಕ್ಕೆ ಪೆಟ್ಟು ಬಿದ್ದಿದೆ ಅಂತ ಗೊತ್ತಾಗುತ್ತೆ, ಪೆಟ್ಟು ಕೊಟ್ಟದ್ದು ಯಾರು ಅಂತ ಗೊತ್ತಾಗಲ್ಲ. ಅದಕ್ಕೇ ಡಾಕ್ಟರ ಹತ್ತಿರ ಹೋಗುವಾಗ ಗೋಡೆಯ ಕ್ಯಾಲೆಂಡರ್ ಬಿಚ್ಚಿಕೊಂಡು ಹೋಗು: ಕೆರೆಯಂಗಳಕ್ಕೆ ಬಿಟ್ಟದ್ದು ಯಾವಾಗ, ಹುಳುವಿನ ಔಷಧಿ ಹಾಕಿಸಿದ್ದು ಯಾವಾಗ. ಸಗಣಿಯನ್ನೂ ಜೊತೆಗೆ ಕೊಡು. ಎಲೈಸಾ ಎಲ್ಲಿ ಮಾಡಿಸಬೇಕು, ಬೆಂಗಳೂರಿನ ಹೆಬ್ಬಾಳದ ಲ್ಯಾಬಿಗೆ ಕಳಿಸಬೇಕಾ ಅಂತ ಅವರನ್ನೇ ಕೇಳು. ಹಸು ನಡೆಯಲಾರದ ಸ್ಥಿತಿಯಲ್ಲಿದ್ದರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡು.

ಲಿವರ್ ಹುಳು ಕಾಡಿನ ಜಿಂಕೆಯಿಂದ ಬಂತು ಅಂತ ಊರಲ್ಲಿ ಅನ್ನುತ್ತಾರೆ. ಜಿಂಕೆ, ಕಡವೆಯೂ ಮೆಲುಕು ಹಾಕೋ ಜಾತಿ, ಈ ಹುಳು ಅವಕ್ಕೂ ಹತ್ತಬಹುದು. ಜಿಂಕೆ ಸಾಕೋ ನ್ಯೂಜಿಲೆಂಡಿನಂಥ ದೇಶದಲ್ಲಾದರೆ ಹಿಡಿದು ರಕ್ತ ತೆಗೀಬಹುದು. ಕಾವೇರಿ ವನ್ಯಧಾಮದ ಜಿಂಕೆಗೆ ಸೂಜಿ ಹಿಡಿದು ಹೋಗೋಕಾಗುತ್ತಾ? ನನ್ನ ಕೇಳಿದರೆ, ಹುಳುವಿನ ಮೊಟ್ಟೆ ಹೊತ್ತು ಕೆರೆಗೆ ಬೀಳೋ ಸಗಣಿಯಲ್ಲಿ ನಮ್ಮ ದನದ್ದೇ ಹೆಚ್ಚು.

ಅಂಗಡಿಯಿಂದ ಔಷಧಿ ತಂದು ನೀನೇ ಕುಡಿಸಬೇಡ. ಕೆಲವು ಔಷಧಿಗಳು ದೊಡ್ಡ ಹುಳುವನ್ನಷ್ಟೇ ಕೊಲ್ಲುತ್ತವೆ, ಮರಿಯನ್ನೂ ಕೊಲ್ಲೋ ಟ್ರೈಕ್ಲಾಬೆಂಡಜೋಲ್ ಕರೆಯೋ ಹಸುವಿಗೆ ಆಗಲ್ಲ. ಹಾಲು ಎಷ್ಟು ದಿನ ಡೇರಿಗೆ ಹಾಕಬಾರದು ಅಂತ ಕೇಳಿ, ಅದನ್ನೂ ಅದೇ ಕ್ಯಾಲೆಂಡರಲ್ಲಿ ಬರೆದಿಡು.

ರಕ್ತದ ಸೀಸೆ ನಿನ್ನ ಕೈಗೇ ಕೊಟ್ಟರೆ ಅಲ್ಲಾಡಿಸಬೇಡ. ಹೆಪ್ಪುಗಟ್ಟಿ ಮೇಲೆ ಹೊಂಬಣ್ಣದ ತಿಳಿ ನಿಲ್ಲಬೇಕು, ಪರೀಕ್ಷೆಗೆ ಬೇಕಾದದ್ದು ಅದೇ. ಐಸಿಗೆ ನೇರ ತಾಗದ ಹಾಗೆ ಬಟ್ಟೆ ಸುತ್ತಿ ಇಡು. ಕನಕಪುರದ ಬಸ್ಸಲ್ಲಿ ಹಿಂದಿನ ಸೀಟಲ್ಲಿ ಮಾತ್ರ ಕೂರಬೇಡ, ಕುಲುಕಿ ತಿಳಿಯೆಲ್ಲ ಕೆಂಪಾದೀತು.